ಮಾರ್ಲಮ್ಮನ ನಿಂಬೆಹಣ್ಣು

ಮೊನ್ನೆ ನಮ್ಮಪ್ಪ ಹೊನ್ನಾಳಿಗೆ ಹೋಗಿ ಒಂದು ಸ್ಕೂಟಿ ತಂದ. ಹೊಸದು ಅಂತ ಬೀದಿಗೆಲ್ಲಾ ಹೇಳ್ಯಾನೆ. ಹೊಸದೇ ಬಿಡ್ರಿ, ಹಿಂದಿನ ನಾಲ್ಕು ಮಾಲೀಕರ ಮಕ್ಕಳ ಹೆಸರು ಅದ್ರ ಮೈಮೇಲೆ ಇನ್ನೂ ಹಂಗೇ ಅವೆ ಅನ್ನೋದು ಬಿಟ್ರೆ. ಇಂಥ ರಥಕ್ಕೂ ಪೂಜೆ ಆಗ್ಲೇಬೇಕು ಅಂತ ನಮ್ಮಜ್ಜಿ ಎರಡು ಗಾಲಿ ಕೆಳಗೆ ಎರಡು ನಿಂಬೆಹಣ್ಣು ಇಟ್ಟು, "ಹತ್ತಿಸೇ ಸುಮಿ" ಅಂದ್ಲು. ನಾನು ಹ್ಯಾಂಡಲ್ ಹಿಡ್ಕಂಡು ಸುಮ್ನೆ ನಿಂತೆ.

"ಏನೇ, ಹೆದ್ರಿಕೆನಾ?"

"ಅಲ್ಲಜ್ಜಿ, ಸಿಪ್ಪೆ ಅರ್ಧ ಸುಲಿದು ಇಟ್ಟಿದ್ರೆ ಲಕ್ಷಣವಾಗಿರ್ತಿತ್ತು ಅಂತ ನೋಡ್ತಿದ್ದೆ."

ಅಜ್ಜಿ ಕೈಯಾಗಿದ್ದ ಊದುಬತ್ತಿ ನನ್ನ ಕಡೆ ತಿರುಗಿಸಿದ್ಲು. ಆಮೇಲೆ ಇಬ್ರೂ ನಕ್ಕಿದ್ದೇ ನಕ್ಕಿದ್ದು. ಅಪ್ಪಗೆ ಏನೂ ಅರ್ಥ ಆಗ್ಲಿಲ್ಲ. ನಿಮಗೂ ಆಗಿರಲ್ಲ. ಆಗ್ಬೇಕಂದ್ರೆ ಮಾರ್ಲಮ್ಮನ ಕತೆ ಕೇಳ್ಬೇಕು. ಮೊದ್ಲೇ ಹೇಳಿಬಿಡ್ತೀನಿ, ನಾನು ಮಾತು ಸ್ವಲ್ಪ ಎಳೆಯೋಳು ಅಂತ ನ್ಯಾಮತಿ ತುಂಬಾ ಹೆಸ್ರು ಐತೆ. ಅದು ಸುಳ್ಳು. ನಾನು ಎಳೆಯಲ್ಲ. ಈ ಊರಾಗೆ ನಡೆಯೋ ಸಂಗತಿಗಳೇ ಕುಳ್ಳಗಿರ್ತಾವೆ, ನಾನು ಅವಕ್ಕೆ ಒಂದು ಸ್ಟೂಲು ಹಾಕ್ತೀನಿ, ಅಷ್ಟೇ.

ನಾನು ಎಸ್ಸೆಸ್ಸೆಲ್ಸಿ ಇದ್ದಾಗಿನ ಮಾತು. ನಮ್ಮ ತಾತ ಡ್ರಾಯಿಂಗ್ ಮೇಷ್ಟ್ರು. ಆಗಲೇ ತೀರಿಕೊಂಡು ಎರಡು ವರ್ಷ ಆಗಿತ್ತು. ತಾತಗೆ ಸ್ಟಾಂಪ್ ಕೂಡಿಡೋ ಹುಚ್ಚು. ಆ ಹುಚ್ಚಿಗೆ ಹಾಲೆಂಡಿನಾಗೆ ಒಬ್ಬಾಕಿ ಪತ್ರದ ಗೆಳತಿ ಸಿಕ್ಕಿದ್ಲು. ಹೆಸ್ರು ಮಾರ್ಲೀಸ್, ಚಿತ್ರ ಬರೆಯೋ ಹೆಂಗಸು. ಇಬ್ರೂ ಒಬ್ರ ಮುಖ ಒಬ್ರು ನೋಡಿದ್ದಿಲ್ಲ, ಆದ್ರೂ ವರ್ಷಗಟ್ಟಲೆ ಕಾಗದ ಬರೆದ್ರು. ಅಜ್ಜಿಗೆ ಆ ಕಾಗದ ಓದಾಕೆ ಬರ್ತಿರ್ಲಿಲ್ಲ. ಆದ್ರೆ ಲಕೋಟೆ ಬಂದ ದಿನ ಸಾರಿಗೆ ಉಪ್ಪು ಹಾಕೋದು ಮಾತ್ರ ಮರೀತಿದ್ಲಂತೆ. ಮರೀತಿದ್ಲು ಅಂತ ಅಜ್ಜಿ ಹೇಳೋದು. ನಾವು ನಂಬೀವಿ.

ಅಂಥಾ ಮಾರ್ಲೀಸು ಒಂದಿನ, ತಾತ ವರ್ಣಿಸಿದ ಊರು ನೋಡ್ಬೇಕು ಅಂತ ಬಂದೇಬಿಟ್ಲು. ಅರವತ್ತು ದಾಟಿದ ಹೆಂಗಸು. ಎತ್ತರ ಎಷ್ಟು ಅಂದ್ರೆ ನಮ್ಮ ಬಾಗಿಲು ದಾಟಾಕೆ ಎರಡು ಕಂತಿನಾಗೆ ಬಗ್ಗಬೇಕಿತ್ತು. ಅಪ್ಪ ಅವ್ವ ಇಬ್ರೂ ಬೆಳಿಗ್ಗೆ ಗೋವಿನಕೋವಿ ಊರಿನ ಹೊಲಕ್ಕೆ ಹೋದ್ರೆ ಬರೋದು ಸಂಜೆಗೆ, ಬೀದಿ ಸುದ್ದಿ ಅವ್ರ ಕಿವಿಗೆ ಬೀಳ್ತಿರ್ಲಿಲ್ಲ. ಹಂಗಾಗಿ ಮನ್ಯಾಗೆ ಅಜ್ಜಿ, ಆಯಮ್ಮ, ನಡುವೆ ಇಂಗ್ಲಿಷ್ ಮೀಡಿಯಮ್ಮಿನ ಕೀರ್ತಿಶಿಖರ ನಾನು.

"ಇದೇನೇ ಹೆಸ್ರು, ನಾಲಿಗೆ ಹೊರಳಲ್ಲ" ಅಂತ ಅಜ್ಜಿ ಅವತ್ತೇ ಆಕಿನ ಮಾರ್ಲಮ್ಮ ಮಾಡಿ ಮುಗಿಸಿದ್ಲು. ಮುಂದಿನ ರೂಮು ಕೊಟ್ಲು. ಪ್ರೀತಿಯಿಂದಲ್ಲ, ಬೀದಿ ಜನ ಏನಂದಾರು ಅಂತ.

ನನ್ನ ಅನುವಾದ ನೀವು ಕೇಳ್ಬೇಕಿತ್ತು. ಮಾರ್ಲಮ್ಮ "ಅನ್ನ ಚೆನ್ನಾಗೈತೆ" ಅಂದ್ರೆ, "ಅಜ್ಜಿ, ಇಂಥ ಅನ್ನ ಅವ್ರ ದೇಶದ ರಾಜನಿಗೂ ಸಿಕ್ಕಿಲ್ಲಂತೆ, ಸಿಕ್ಕಿದ್ರೆ ಅವ್ನು ಕಿರೀಟ ಬಿಟ್ಟು ನಿನ್ನ ಅಡುಗೆಮನ್ಯಾಗೆ ಸೌದೆ ಒಡೀತಿದ್ನಂತೆ" ಅಂತಿದ್ದೆ.

"ಆಕಿ ಬಾಯಿ ಬಿಟ್ಟಿದ್ದು ಒಂದೇ ಸಲ ಅಲ್ಲೇನೇ?"

"ಅವ್ರ ಮಾತು ಗಟ್ಟಿ ಮಜ್ಜಿಗೆ ಇದ್ದಂಗೆ ಅಜ್ಜಿ. ನಾನು ನೀರು ಹಾಕಿ ಕೊಡ್ತೀನಿ."

ಬಂದ ವಾರಕ್ಕೆ ಆಯಮ್ಮನ್ನ ಸಂತೇಬೆನ್ನೂರಿಗೆ ಕರ್ಕಂಡು ಹೋದೆ. ಎಂಥ ಪುಷ್ಕರಣಿ ಐತೆ ಅಲ್ಲಿ, ನಡುಮಧ್ಯೆ ಮಂಟಪ, ಸುತ್ತ ಮೆಟ್ಲು. ಇನ್ನೇನು ಚಿತ್ರ ಬರೀತಾಳೆ, ಪಕ್ಕದಾಗೆ ನನ್ನನ್ನೂ ನಿಲ್ಲಿಸ್ತಾಳೆ ಅಂತ ನಾನು ಬೆಳಿಗ್ಗೆನೇ ಪೌಡರು ಬಳ್ಕಂಡಿದ್ದೆ. ಆಯಮ್ಮ ಕೊಳ ನೋಡಿ "ಬ್ಯೂಟಿಫುಲ್" ಅಂದ್ಲು. ತಿರುಗಿ ಸೀದಾ ಸಂತೆಗೆ ಹೋಗಿ ನಿಂಬೆಹಣ್ಣಿನ ಗುಡ್ಡೆ ಮುಂದೆ ಕುಕ್ಕರಗಾಲಿನಾಗೆ ಕೂತ್ಲು. ಒಂದೊಂದೇ ಹಣ್ಣು ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ್ಲು. ನಮ್ಮವ್ವ ನನಗೆ ಗಂಡು ನೋಡುವಾಗ್ಲೂ ಅಷ್ಟು ನೋಡಲ್ಲ ಅಂತ ಕಾಣ್ತೈತೆ. ಮಾರೋ ಹೆಂಗಸಿಗೆ ತಲೆ ಕೆಟ್ಟು, "ನಿಂಬೆಹಣ್ಣು ಕಣವ್ವಾ, ವಜ್ರ ಅಲ್ಲ!" ಅಂದ್ಲು. ಒಂದು ಚೀಲ ನಿಂಬೆಹಣ್ಣು ಹೊತ್ಕಂಡು ಬಂದ್ವಿ. ಪೌಡರು ವೇಸ್ಟು.

ಮಾರನೇ ದಿನ ಮುಂದಿನ ರೂಮಿನಾಗೆ ಕೆಲಸ ಶುರುವಾತು. ಕಿಟಕಿ ಪಕ್ಕ ಒಂದು ಮೇಜು. ಅದರ ಮೇಲೆ ಅಜ್ಜಿ ಹಳೇ ಸೀರೆ, ಒಂದು ಹಿತ್ತಾಳೆ ಚೆಂಬು, ಎರಡು ಬದನೆಕಾಯಿ, ಮುಂದೆ ಒಂದು ನಿಂಬೆಹಣ್ಣು. ಅದನ್ನ ಅರ್ಧ ಸುಲಿದು, ಸಿಪ್ಪೆ ಕಡಿದು ಹಾಕದಂಗೆ ಸುರುಳಿ ಸುರುಳಿ ಮೇಜಿನಂಚಿಂದ ಕೆಳಗೆ ಇಳಿಬಿಟ್ಟಿದ್ಲು. ಅವ್ರ ದೇಶದಾಗೆ ಮುನ್ನೂರು ನಾನೂರು ವರ್ಷದಿಂದ ಹಿಂಗೇ ಬರೀತಾರಂತೆ. ಮುನ್ನೂರು ವರ್ಷದಾಗೆ ಒಬ್ರಿಗೂ ಪೂರ್ತಿ ಸುಲಿಯಾಕೆ ಬಂದಿಲ್ಲ ಪಾಪ.

ಅಜ್ಜಿ ಬಾಗಿಲಾಗೆ ನಿಂತು ನೋಡಿ, "ಇಷ್ಟು ದೂರ ಬಂದು ಬದನೆಕಾಯಿ ಬರೀತಾಳಾ? ಅವ್ರ ಊರಾಗೆ ತರಕಾರಿ ಇಲ್ಲೇನೇ?" ಅಂದ್ಲು. ನಾನು ಅದನ್ನ, "ನಿಮ್ಮ ಕಲೆ ನೋಡಿ ಅಜ್ಜಿ ಕಣ್ಣೀರು ಹಾಕ್ತಾ ಅದಾಳೆ" ಅಂತ ದಾಟಿಸಿದೆ.

ಮಾರ್ಲಮ್ಮ ಖುಷಿಯಾಗಿ ಅವತ್ತು ತನ್ನ ಕತೆ ಹೇಳಿದ್ಲು. ಅಪ್ಪ ಬ್ರೆಡ್ ಸುಡೋನು. ಹದಿನಾರಕ್ಕೆ ಚಿತ್ರದ ಶಾಲೆಗೆ ಸೇರಿದ್ರೆ, ಅಲ್ಲಿ ಮೇಷ್ಟ್ರು, "ಕೈ ಚೆನ್ನಾಗೈತೆ, ಹೋಗಿ ಟೈಲ್ಸ್ ಮೇಲೆ ಹೂ ಬರಿ" ಅಂದ್ನಂತೆ. ಸರಿ, ಕಾರ್ಖಾನೆ ಸೇರಿ ಬಿಳಿ ಟೈಲ್ಸ್ ಮೇಲೆ ನೀಲಿ ಗಾಳಿಯಂತ್ರ ಬರೆದಿದ್ದೇ ಬರೆದಿದ್ದು. ಟೈಲ್ಸ್ ಹಿಂದೆ ಕಾರ್ಖಾನೆ ಮುದ್ರೆ. ಆಮೇಲೆ ಮದ್ವೆ. ಗಂಡ ದೊಡ್ಡ ಪೇಂಟರ್ರು. ಗಾಜಿನ ಲೋಟ ಬರೀತಿದ್ದ, ರೇಷ್ಮೆ ಬಟ್ಟೆ ಬರೀತಿದ್ದ, ಸತ್ತ ಕೋಳಿ ಬರೀತಿದ್ದ. ನಿಂಬೆಹಣ್ಣು ಮಾತ್ರ ಬರೆಯಾಕೆ ಬರ್ತಿರ್ಲಿಲ್ಲ. ಸುಲಿದ ಹಣ್ಣಿನ ಒದ್ದೆ ಮೈ, ಸಿಪ್ಪೆ ಒಳಗಿನ ಬಿಳಿ ಪದರ ಇವೆಲ್ಲಾ ಅವ್ನ ಕೈಯಾಗೆ ಸೋಪಿನಂಗೆ ಕಾಣ್ತಿದ್ವಂತೆ. ಹಂಗಾಗಿ ಮೂವತ್ತು ವರ್ಷ ಅವ್ನ ಚಿತ್ರದಾಗಿನ ನಿಂಬೆಹಣ್ಣೆಲ್ಲಾ ಬರೆದೋಳು ಈಕಿ. ಜನ "ಏನು ನಿಂಬೆಹಣ್ಣು ಬರೀತಾನಪ್ಪಾ, ಬಾಯಾಗೆ ನೀರು ಬರ್ತೈತೆ" ಅಂತ ಬಂದು ಬಂದು ಅವ್ನ ಕೈ ಕುಲುಕ್ತಿದ್ರು. ಕೆಳಗೆ ಮೂಲ್ಯಾಗೆ ಅವ್ನ ಹೆಸ್ರು. ಅವ್ನ ಕೊನೇ ಪ್ರದರ್ಶನದ ಪುಸ್ತಕದಾಗೆ ಈಕಿ ಹೆಸ್ರೂ ಅಚ್ಚಾಗಿತ್ತಂತೆ. ಎಲ್ಲಿ ಅಂದ್ರೆ, ಚಾ ವ್ಯವಸ್ಥೆ ಮಾಡಿದವ್ರಿಗೆ ಧನ್ಯವಾದ ಅನ್ನೋ ಸಾಲಿನಾಗೆ. ಎಂಥ ಗೌರವ ನೋಡ್ರಿ.

ಗಂಡ ತೀರಿಕೊಂಡ ಮೇಲೆ ಮನೆಯೆಲ್ಲಾ ಹುಡುಕಿದ್ಲಂತೆ. ತನ್ನ ಹೆಸ್ರಿರೋ ಚಿತ್ರ ಒಂದೂ ಇರ್ಲಿಲ್ಲ. "ವಾಪಸ್ ಹೋಗೋ ಮುಂಚೆ ಒಂದೇ ಒಂದು ಚಿತ್ರ ಮುಗಿಸ್ತೀನಿ. ಆ ಮನ್ಯಾಗೆ ಕೂತ್ರೆ ಕೈ ತಾನಾಗೇ ಅವ್ನಿಗೆ ಅಂತ ಬರೀತೈತೆ. ಇಲ್ಲಿ ನನಗೆ ಅಂತ ಬರೀಬಹುದು" ಅಂದ್ಲು. ವಿಮಾನಕ್ಕೆ ಮೂರು ವಾರ ಬಾಕಿ ಇತ್ತು.

ಇದನ್ನ ನಾನು ಅಜ್ಜಿಗೆ ನಾಲ್ಕು ಹೊಡೆದಾಟ, ಒಂದು ಹಡಗು ಮುಳುಗಡೆ ಸೇರಿಸಿ ಹೇಳಿದೆ. ಅಜ್ಜಿ ಹಡಗಿನ ಬಗ್ಗೆ ಏನೂ ಕೇಳ್ಲಿಲ್ಲ. "ಬರೆದೋಳು ಇವ್ಳು, ಹೆಸ್ರು ಅವಂದಾ?" ಅಂದ್ಲು. ಸ್ವಲ್ಪ ಹೊತ್ತು ಹಸಿಮೆಣಸಿನಕಾಯಿ ತೊಟ್ಟು ಮುರಿದ್ಲು. "ನಿಮ್ಮ ತಾತ ಸ್ಕೂಲಿನಾಗೆ ರಂಗೋಲಿ ಚಾರ್ಟು ಕಟ್ಟು ಹಾಕ್ಸಿ ತೂಗುಹಾಕಿದ್ರಲ್ಲ, ನೋಡಿದ್ಯಾ?"

"ಹೂಂ ಮತ್ತೆ, ತಾತನ ರಂಗೋಲಿ."

"ನಿಮ್ಮ ತಾತ ಎಂದಾದ್ರೂ ಅಂಗಳಕ್ಕೆ ಬಗ್ಗಿ ಒಂದು ಎಳೆ ಬಿಟ್ಟಿದ್ದು ನೋಡೀಯಾ?" ಅಂತ ಕೇಳಿ ಅಜ್ಜಿ ಎದ್ದು ಹೋದ್ಲು. ನನಗೆ ಅವತ್ತು ಪರೀಕ್ಷೆ, ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪರೀಕ್ಷೆಗೂ ಕೆಡಿಸಿಕೊಂಡಿರ್ಲಿಲ್ಲ, ಅದು ಬೇರೆ ಮಾತು.

ಈಗ ಬಂತು ನೋಡ್ರಿ ನನ್ನ ಪಾತ್ರ. ಸುಲಿದ ನಿಂಬೆಹಣ್ಣು ಒಂದು ದಿನಕ್ಕೆ ಒಣಗಿ ಮುದುಕ ಆಗ್ತೈತೆ. ಆದ್ರೆ ಚಿತ್ರ ಮುಗಿಯಾಕೆ ಮೂರು ವಾರ ಬೇಕು. ಅದಕ್ಕೆ ಮಾರ್ಲಮ್ಮ ದಿನಾ ಬೆಳಿಗ್ಗೆ ಹೊಸ ಹಣ್ಣು ಅದೇ ಅಳತೆಗೆ ಸುಲಿದು ಇಟ್ಟು, ಹಳೇದನ್ನ ನನಗೆ ಕೊಟ್ಟು "ತಿಪ್ಪೆಗೆ ಹಾಕು" ಅಂತಿದ್ಲು. ತಿಪ್ಪೆ ಹತ್ರ ಒಂದು ಕರಿ ನಾಯಿ ಇತ್ತು. ಅದಕ್ಕೂ ನನಗೂ ಹಳೇ ವ್ಯವಹಾರ. ಸ್ಕೂಲಿಗೆ ಹೋಗೋ ದಾರ್ಯಾಗೆ ನಮ್ಮ ಬೀದಿ, ಪೇಟೆ ಬೀದಿ, ಬಸ್ ಸ್ಟ್ಯಾಂಡ್ ರೋಡು ಮೂರೂ ಕೂಡೋ ಜಾಗ ಐತೆ. ಅಲ್ಲಿ ಬಿಸಾಕಿ ಹೋದೆ. ಸೋಮಾರಿತನ ಸ್ವಾಮಿ, ಬೇರೇನೂ ಅಲ್ಲ.

ಮೂರು ದಾರಿ ಕೂಡೋ ಕಡೆ ನಿಂಬೆಹಣ್ಣು ಬಿದ್ದೈತೆ ಅಂದ್ರೆ ನಮ್ಮ ಕಡೆ ಏನರ್ಥ ಅಂತ ನಿಮಗೆ ಹೇಳಬೇಕಾ? ಯಾರೋ ದೃಷ್ಟಿ ತೆಗೆದು ಬಿಸಾಕ್ಯಾರೆ, ಇಲ್ಲಾ ಮಾಟ ಮಾಡ್ಸ್ಯಾರೆ. ಸಂಜೆ ನಾನು ಬರೋ ಹೊತ್ತಿಗೆ ಆ ಹಣ್ಣಿನ ಸುತ್ತ ಬೈಕುಗಳು ಪ್ರದಕ್ಷಿಣೆ ಹಾಕಿದಂಗೆ ಬಳಸಿ ಹೋಗ್ತಿದ್ವು. ಎದುರುಮನೆ ರುದ್ರಮ್ಮತ್ತೆ ಸೆರಗು ಬಾಯಿಗಿಟ್ಕಂಡು ನಿಂತಿದ್ಲು.

"ಕೊಯ್ದದ್ದು ನೋಡೀನಿ, ಸೂಜಿ ಚುಚ್ಚಿದ್ದು ನೋಡೀನಿ. ಸುಲಿದು ಜಡೆ ಇಳಿಬಿಟ್ಟಿದ್ದು ಮಾತ್ರ ಇದೇ ಮೊದಲು ಕಣೇ ಸುಮಿ."

ಅಷ್ಟು ಭಯ, ಅಷ್ಟು ಭಕ್ತಿ, ನಾನು ಬಿಸಾಕಿದ ಒಂದು ಕಸಕ್ಕೆ! ಸ್ಕೂಲಿನಾಗೆ ನನ್ನ ಭಾಷಣಕ್ಕೂ ಅಷ್ಟು ಜನ ಸೇರಿರ್ಲಿಲ್ಲ. ಮಾರನೇ ದಿನ ಬೇಕಂತಲೇ ಅದೇ ಜಾಗಕ್ಕೆ ಹಾಕಿದೆ. ಅದರ ಮಾರನೇ ದಿನವೂ. ನಾಲ್ಕನೇ ದಿನ... ಹೇಳಾಕೆ ನಾಚಿಕೆ ಆಗ್ಬೇಕು, ಆಗ್ತಾ ಇಲ್ಲ. ಅಜ್ಜಿ ದೇವರ ಗೂಡಿಂದ ಒಂದು ಚಿಟಿಕೆ ಕುಂಕುಮ ತಗಂಡು ಹಣ್ಣಿನ ಮೇಲೆ ಉದುರಿಸಿದೆ. ಕಲೆ ಅಂದ್ರೆ ಮಾರ್ಲಮ್ಮ ಒಬ್ಳದೇನಾ?

ಆ ಮೂರು ದಾರಿ ಮೂಲ್ಯಾಗೆ ರಹಮತ್ ಚಾಚಾನ ಟೈಲರ್ ಅಂಗಡಿ. ನನ್ನ ಲಂಗದಿಂದ ಯೂನಿಫಾರ್ಮಿನ ತನಕ ಹೊಲಿದೋರು ಅವ್ರೇ. ಮಿಷಿನ್ ತುಳಿಯೋದು ನಿಲ್ಲಿಸಿ ಕನ್ನಡಕದ ಮೇಲಿಂದ ನನ್ನನ್ನೇ ನೋಡ್ತಿದ್ರು. ನಾನು ನಮಸ್ಕಾರ ಹೊಡೆದು ಓಡಿದೆ.

ಸುದ್ದಿಗೆ ಬಸ್ ಪಾಸ್ ಬೇಕಾಗಲ್ಲ. ನ್ಯಾಮತಿಲಿ ಅದು ಒಂದು ನಿಂಬೆಹಣ್ಣು. ರುದ್ರಮ್ಮತ್ತೆ ತಂಗಿ ಹೊನ್ನಾಳ್ಯಾಗೆ ಇದ್ಲು, ಅಲ್ಲಿಗೆ ಮುಟ್ಟೋ ಹೊತ್ತಿಗೆ ಅದು ಕೋಳಿ ಆತು. ಆ ತಂಗಿ ಮಗಳನ್ನ ಕೊಟ್ಟಿದ್ದು ಚನ್ನಗಿರಿಗೆ, ಅಲ್ಲಿ ಕುರಿ ಆತು. ಹತ್ತನೇ ದಿನ ಜಗಳೂರಿಂದ ನಮ್ಮ ದೊಡ್ಡಮ್ಮ ಅಜ್ಜಿಗೆ ಫೋನ್ ಮಾಡಿ, "ನಿಮ್ಮನ್ಯಾಗೆ ಬಿಳಿ ಹೆಂಗಸು ಕೋಣ ಕಡಿದು ಮಾಟ ಮಾಡ್ತಾಳಂತಲ್ಲಬೇ, ನೀವು ಮೈಲಿಗೆ ಆಗ್ಲಿಲ್ವಾ?" ಅಂತ ಅತ್ಲು. ನಾನು ಎಳೀತೀನಿ ಅಂತಾರೆ ಜನ. ನನಗಿಂತ ಎಳೆಯೋರು ನಾಲ್ಕು ತಾಲ್ಲೂಕಿನಾಗೆ ಕೂತಾರೆ.

ಅಲ್ಲಿಗೆ ಬಿಳಿ ಹೆಂಗಸು ಅಂತ ಆಗಿಹೋಗಿತ್ತು ನೋಡ್ರಿ. ಕಿಟಕ್ಯಾಗೆ ಜಡೆ ಬಿಟ್ಟ ನಿಂಬೆಹಣ್ಣು ಇಟ್ಕಂಡು ದಿನವಿಡೀ ದುರುಗುಟ್ಟಿ ನೋಡೋಳು ಬೀದ್ಯಾಗೆ ಇನ್ಯಾರು ಅದಾರೆ? ಹಾಲಿನೋನು ನಮ್ಮನೆ ಹಾಲು ಗೇಟಿನ ಹೊರಗೇ ಇಟ್ಟು ಹೋಗಾಕೆ ಶುರು ಮಾಡಿದ. ಅಜ್ಜಿ ಜೊತೆ ನಲ್ಲಿ ನೀರಿಗೆ ನಿಲ್ಲೋರು ಹಿಂದೆ ಸರಿದ್ರು. ಮಾರ್ಲಮ್ಮ ಬೀದಿಗಿಳಿದ್ರೆ ಜನ ಮಕ್ಕಳನ್ನ ಒಳಗೆ ಎಳ್ಕಂತಿದ್ರು. ಆಯಮ್ಮ ಮಾತ್ರ, "ನಿಮ್ಮೂರು ಎಷ್ಟು ಶಾಂತ" ಅಂತಿದ್ಲು. ನಗು ಬರ್ತಿತ್ತು ನನಗೆ. ಆಮೇಲಾಮೇಲೆ ಅಷ್ಟೇನೂ ಬರ್ತಿರ್ಲಿಲ್ಲ.

ಹತ್ತೊಂಬತ್ತನೇ ದಿನ, ಭಾನುವಾರ ಬೆಳಿಗ್ಗೆ, ಮನೆ ಮುಂದೆ ಹದಿನೈದು ಜನ. ಸರಿ, ಎಂಟು ಜನ. ಮುಂದೆ ರುದ್ರಮ್ಮತ್ತೆ.

"ಇವತ್ತು ಬೈಗಿನೊಳಗೆ ಆಕಿನ ಕಳಿಸಿಬಿಡ್ರಿ ಅಕ್ಕಾ. ಇಪ್ಪತ್ತೊಂದು ದಿನ ತುಂಬಿದ್ರೆ ಮಾಟ ಕೂತ್ಕಂತೈತೆ. ನನ್ನ ಮಗಳ ಮದ್ವೆ ಮಾತು ಮುರಿದುಬಿತ್ತು, ಗೊತ್ತೇನು?"

"ನಿನ್ನ ಮಗಳ ಮದ್ವೆ ಮಾತು ಹೋದ ವರ್ಷನೂ ಮುರಿದಿತ್ತಲ್ಲೇ" ಅಂದ್ಲು ಅಜ್ಜಿ.

"ಅದು ಬೇರೆ ಮಾಟ!"

ಗದ್ದಲಕ್ಕೆ ಮಾರ್ಲಮ್ಮ ಕುಂಚ ಹಿಡ್ಕಂಡೇ ಬಾಗಿಲಿಗೆ ಬಂದ್ಲು. ಮೂಗಿನ ಮೇಲೆ ಹಳದಿ ಬಣ್ಣ. "ಏನಂತೆ ಇವ್ರಿಗೆ?" ಅಂತ ನನ್ನ ಕೇಳಿದ್ಲು.

"ನಿಮ್ಮ ಚಿತ್ರ ನೋಡಾಕೆ ಬಂದಾರೆ" ಅಂದೆ. ಬಾಯಿಗೆ ಬಂದಿದ್ದು ಅದೇ.

ಆಯಮ್ಮನ ಮುಖ ಹೆಂಗಾತು ಅಂತ ಹೇಳ್ಲಿ. ಚಾ ವ್ಯವಸ್ಥೆ ಮಾಡಿದೋಳ ಚಿತ್ರ ನೋಡಾಕೆ ಊರೇ ಬಂದೈತೆ! ಬಾಗಿಲು ಪೂರ್ತಿ ತೆಗೆದು, ಎರಡೂ ಕೈ ಚಾಚಿ ಒಳಗೆ ಕರೆದ್ಲು. ಎಂಟೂ ಜನ ಒಟ್ಟಿಗೇ ಒಂದು ಹೆಜ್ಜೆ ಹಿಂದೆ ಹೋದ್ರು. ಆಯಮ್ಮ, "ಇನ್ನು ಎರಡು ದಿನ ಅಷ್ಟೇ, ಸಿಪ್ಪೆ ಒಳಗಿನ ಬಿಳಿ ಬಾಕಿ, ಆಮೇಲೆ ನನ್ನ ಹೆಸ್ರು ಹಾಕೋದು. ಹೇಳು ಅವ್ರಿಗೆ" ಅಂದ್ಲು. ಈ ಎರಡು ದಿನ ಆಕಿಗೆ ಸಿಗೋದು ಬಿಡೋದು ಪೂರ್ತಿ ನನ್ನ ಬಾಯಿ ಮೇಲೆ ನಿಂತಿತ್ತು. ನನ್ನ ಬಾಯಿ ಎಂಥದ್ದು ಅಂತ ನಿಮಗೆ ಗೊತ್ತೈತಲ್ಲ.

ಆಗ ಹಿಂದಿಂದ ರಹಮತ್ ಚಾಚಾ ಬಂದ್ರು, ಕೊರಳಾಗೆ ಅಳತೆ ಟೇಪು. ನನ್ನ ಪಕ್ಕ ನಿಂತು ಮೆಲ್ಲಗೆ ಅಂದ್ರು, "ಬೇಟಿ, ನೀನು ಹೇಳ್ತೀಯಾ, ನಾನು ಹೇಳ್ಲಾ? ನೀನು ಹೇಳಿದ್ರೆ ಮರ್ಯಾದೆ ಉಳೀತೈತೆ. ನಾನು ಹೇಳಿದ್ರೆ ಕುಂಕುಮದ ವಿಷಯನೂ ಹೇಳ್ಬೇಕಾಗ್ತೈತೆ."

"ಹಾಕಿದ್ದು ನಾನು!" ಅಂದುಬಿಟ್ಟೆ. ಅಷ್ಟು ಸಣ್ಣ ವಾಕ್ಯ ನಾನು ಹುಟ್ಟಿದಾಗಿಂದ ಆಡಿರ್ಲಿಲ್ಲ. "ಅದು ಚಿತ್ರಕ್ಕೆ ಇಟ್ಟ ಹಣ್ಣು. ತಿಪ್ಪೆಗೆ ಹಾಕು ಅಂದಿದ್ರು. ನಾನು ದಾರ್ಯಾಗೆ ಹಾಕಿದೆ. ಕುಂಕುಮನೂ ನಂದೇ."

ಯಾರೂ ನಂಬ್ಲಿಲ್ಲ! ಕೋಣ ನಂಬಿದ ಜನ ನನ್ನ ನಂಬ್ಲಿಲ್ಲ.

"ಇದು ದಿನಾ ಹೇಳೋದು ಸುಳ್ಳು. ಆಕಿನ ಉಳಿಸಾಕೆ ಇದೊಂದು ಹೊಸ ಸುಳ್ಳು" ಅಂದ್ಲು ರುದ್ರಮ್ಮತ್ತೆ.

"ನಾನು ನೋಡೀನಿ ರುದ್ರಮ್ಮ, ದಿನಾ ಇವ್ಳೇ" ಅಂತ ಚಾಚಾ ಅಂದ್ರು.

"ನಿಮ್ಮ ಕಣ್ಣಿಗೂ ಆಕಿ ಏನೋ ಕಟ್ಟ್ಯಾಳೆ ಬಿಡ್ರಿ!"

ಅಜ್ಜಿ ನನ್ನ ಕಡೆ ಒಂದು ನೋಟ ನೋಡಿದ್ಲು, ಅದನ್ನ ಇಲ್ಲಿ ಅನುವಾದ ಮಾಡಾಕೆ ಆಗಲ್ಲ. ಸೀದಾ ಮೂರು ದಾರಿಗೆ ನಡೆದ್ಲು. ಹಿಂದಿನ ದಿನ ನಾನು ಹಾಕಿದ್ದ ಹಣ್ಣು ಅಲ್ಲೇ ಬಿದ್ದಿತ್ತು, ಜಡೆ ಸಮೇತ. ಬಗ್ಗಿ ಬರಿಗೈಯಾಗೆ ಎತ್ತಿದ್ಲು. ಹಿಂದೆ ನಿಂತೋರು "ಅಯ್ಯಯ್ಯೋ" ಅಂದ್ರು. ಅಜ್ಜಿ ವಾಪಸ್ ಬಂದು, ನಲ್ಯಾಗೆ ಹಣ್ಣು ತೊಳೆದು, ಒಳಗೆ ಹೋದ್ಲು. ಒಗ್ಗರಣೆ ಚಟಪಟ ಅಂತು. ಎಂಟೂ ಜನ ಕದಲದೆ ನಿಂತಿದ್ರು, ಮನೆ ಈಗ ಹಾರ್ತೈತೆ ಅನ್ನೋ ಆಸೆಗೆ.

ಹೊರಗೆ ಬಂದಿದ್ದು ಒಂದು ತಪ್ಪಲೆ ಚಿತ್ರಾನ್ನ.

"ಮೊದಲು ನೀನು ತಿನ್ನೇ, ಮಾಟಗಾತಿ" ಅಂತ ಅಜ್ಜಿ ನನ್ನ ಕೈಗೆ ಒಂದು ಮುದ್ದೆ ಇಟ್ಲು. ನಾನು ತಿಂದೆ. ಬೀದಿ ಧೂಳಿನ ಒಗರು ಬಂತು ಅನ್ನಿಸ್ತು, ಹೇಳೋ ಧೈರ್ಯ ಇರ್ಲಿಲ್ಲ. ಆಮೇಲೆ ಅಜ್ಜಿ ತಿಂದ್ಲು. ಚಾಚಾ ಬಿಸ್ಮಿಲ್ಲಾ ಅಂತ ಕೈ ಚಾಚಿದ್ರು. ಮಾರ್ಲಮ್ಮ, ಪ್ರದರ್ಶನದ ಊಟ ಅಂತ ತಿಳ್ಕಂಡು, ಎರಡು ಸಲ ಹಾಕ್ಸಿಕೊಂಡ್ಲು.

"ಈಗ ನೀನು" ಅಂತ ಅಜ್ಜಿ ರುದ್ರಮ್ಮತ್ತೆ ಮುಂದೆ ತಪ್ಪಲೆ ಹಿಡಿದ್ಲು. "ತಿನ್ನು. ಇಲ್ಲಾ ಅಂದ್ರೆ ನಾಳೆಯಿಂದ ನಲ್ಲಿ ಹತ್ರ ನನ್ನ ಮುಂದೆ ಹೆದ್ರುಪುಕ್ಲಿ ಅನ್ನಿಸ್ಕಂಡು ನಿಂತ್ಕ."

ರುದ್ರಮ್ಮತ್ತೆ ದೇವರೆಲ್ಲಾ ನೆನೆಸ್ಕಂಡು ಒಂದು ಅಗುಳು ಬಾಯಿಗೆ ಹಾಕಿದ್ಲು. ಅಗಿದ್ಲು. ಇನ್ನೊಂದು ತುತ್ತು ತಗಂಡ್ಲು.

"ಉಪ್ಪು ಮುಂದು ಮಾಡಿಬಿಟ್ಟಿರಿ ಅಕ್ಕಾ" ಅಂದ್ಲು.

ಅಲ್ಲಿಗೆ ಮಾಟ ಇಳೀತು. ನನಗೆ ಮಾತ್ರ ಇನ್ನೊಂದು ಕೆಲಸ ಉಳಿದಿತ್ತು. ಅವತ್ತೇ ಮಧ್ಯಾಹ್ನ ಮುಂದಿನ ರೂಮಿಗೆ ಹೋಗಿ ಮಾರ್ಲಮ್ಮಗೆ ಎಲ್ಲಾ ಒಪ್ಪಿಸಿದೆ. ಜನ ಯಾಕೆ ಬಂದಿದ್ರು, ಹಾಲಿನೋನು ಯಾಕೆ ಒಳಗೆ ಬರಲ್ಲ, ಊರು ಯಾಕೆ ಅಷ್ಟು ಶಾಂತ ಎಲ್ಲಾ. ಬೈಯಲಿ ಅಂತ ತಲೆ ತಗ್ಗಿಸಿ ನಿಂತೆ. ಆಯಮ್ಮ ಬಹಳ ಹೊತ್ತು ಕುಂಚ ಒರೆಸಿದ್ಲು.

"ಅವ್ರು ನನ್ನ ಚಿತ್ರ ನೋಡಾಕೆ ಬಂದಿರ್ಲಿಲ್ಲ" ಅಂದ್ಲು.

"ಇಲ್ಲ."

ಆಮೇಲೆ ನಗಾಕೆ ಶುರು ಮಾಡಿದ್ಲು. ಕಣ್ಣಾಗೆ ನೀರೂ ಇತ್ತು, ಅದು ನಗುವಿಂದೋ ಏನೋ. "ಆದ್ರೂ ನನ್ನ ನಿಂಬೆಹಣ್ಣನ್ನ ಇಷ್ಟು ಗಮನ ಇಟ್ಟು ಯಾರೂ ನೋಡಿರ್ಲಿಲ್ಲ" ಅಂದ್ಲು. ಆಮೇಲೆ ನನ್ನ ಕೈಗೆ ಬೆಳಿಗ್ಗೆ ತೆಗೆದಿಟ್ಟ ಹಳೇ ಹಣ್ಣು ಕೊಟ್ಟು, "ತಿಪ್ಪೆಗೆ" ಅಂದ್ಲು. ಹೋದೆ. ಕರಿ ನಾಯಿ ಅಟ್ಟಿಸ್ಕಂಡು ಬಂತು. ಬರ್ಲಿ ಬಿಡ್ರಿ, ಬರಬೇಕಾದ್ದೇ.

ಇಪ್ಪತ್ತೊಂದನೇ ದಿನ ಚಿತ್ರ ಮುಗೀತು. ಹಣ್ಣು ಹೆಂಗಿತ್ತು ಅಂದ್ರೆ, ಅಜ್ಜಿ ನೋಡಿದ್ದೇ ಹುಳಿಗೆ ಒಂದು ಕಣ್ಣು ಮುಚ್ಚಿದ್ಲು. ಮಾರ್ಲಮ್ಮ ಸಣ್ಣ ಕುಂಚ ತಗಂಡು ಕೆಳಗೆ ಮೂಲ್ಯಾಗೆ ಬಗ್ಗಿದ್ಲು. ಹೆಸ್ರು ಬರೆದು ಎದ್ಲು. ನಾವಿಬ್ರೂ ಹುಡುಕಿದ್ವಿ. ಸೀರೆ ಮಡಿಕೆ ನೆರಳಾಗೆ, ಜೀರಿಗೆ ಕಾಳಿನಷ್ಟು.

ಅಜ್ಜಿ ಅಂದ್ಲು, "ಇದೇನು ಕದ್ದು ಬರೆದಂಗೆ? ಅಳಿಸು ಅನ್ನು. ದೊಡ್ಡದಾಗಿ ಬರಿ ಅನ್ನು."

ನಾನು ಹೇಳಿದೆ. ಒಂದಕ್ಷರ ಸೇರಿಸ್ಲಿಲ್ಲ, ಒಂದಕ್ಷರ ಬಿಡ್ಲಿಲ್ಲ. ಮಾರ್ಲಮ್ಮ ಅಜ್ಜಿ ಮುಖ ನೋಡಿದ್ಲು. ಅಜ್ಜಿ ಬಲಗೈ ಎತ್ತಿ, ಅಂಗಳಕ್ಕೆ ರಂಗೋಲಿ ಎಳೆ ಬಿಡ್ತಾಳಲ್ಲ, ಹಂಗೆ ಗಾಳ್ಯಾಗೆ ಉದ್ದಕ್ಕೆ ಒಂದು ಗೆರೆ ಎಳೆದು ತೋರಿಸಿದ್ಲು. ಮಾರ್ಲಮ್ಮ ಬಟ್ಟೆ ತಗಂಡು ಜೀರಿಗೆ ಕಾಳು ಒರೆಸಿ, ದೊಡ್ಡ ಕುಂಚ ಹಿಡಿದು, ಮೇಜಿನಂಚಿನ ಉದ್ದಕ್ಕೂ, ನಿಂಬೆ ಸಿಪ್ಪೆ ಪಕ್ಕದಾಗೆ, ಹಳದಿ ಬಣ್ಣದಾಗೆ ಬರೆದ್ಲು. ಎಷ್ಟು ದೊಡ್ಡದು ಅಂತ ನಾನು ಎಳೆದು ಹೇಳೋ ಅವಶ್ಯಕತೆನೇ ಇಲ್ಲ. ಕಿಟಕಿ ತೆಗೆದಿತ್ತು, ಬೀದಿ ಆಚೆ ಕಟ್ಟೆ ಮೇಲೆ ಕೂತಿದ್ದ ರುದ್ರಮ್ಮತ್ತೆಗೂ ಕಾಣಿಸ್ತು.

"ಏನೇ ಸುಮಿ ಅದು, ಮಂತ್ರಾನಾ?" ಅಂತ ಅಲ್ಲಿಂದಲೇ ಕೂಗಿದ್ಲು.

"ಅಲ್ಲತ್ತೆ," ಅಂದೆ. "ಹೆಸ್ರು."